ಕುಡಿತವನ್ನು ರೋಗವೆಂದ ಡಾ| ಬೆಂಜಮಿನ್ ರಶ್

ಅಮೇರಿಕದ ಸ್ವಾತಂತ್ರ್ಯ ಘೋಷಣೆಗೆ 1776ರಲ್ಲಿ ರುಜು ಹಾಕಿದ 56 ಮಂದಿಯಲ್ಲಿ ಡಾ| ಬೆಂಜಮಿನ್ ರಶ್ ಒಬ್ಬರು. ಚರಿತ್ರೆಯ ಪಾಠದಲ್ಲಿ ಅವರ ಹೆಸರು ಅಷ್ಟಕ್ಕೇ ಮುಗಿಯುತ್ತದೆ. ಆದರೆ ಕುಡಿತದ ಚಟವನ್ನು ಬರಿಯ ದುರ್ನಡತೆಯೆಂದು ಹಳಿಯದೆ, ಅದೊಂದು ರೋಗವೆಂದು ಮೊದಮೊದಲಿಗೆ ವಾದಿಸಿದ ವೈದ್ಯರಲ್ಲಿಯೂ ಅವರು ಒಬ್ಬರೆಂಬುದನ್ನು ನಾವು ತಿಳಿದಿರಬೇಕು.

ರಶ್ ಹುಟ್ಟಿದ್ದು 1746ರಲ್ಲಿ, ಫಿಲಡೆಲ್ಫಿಯದ ಸಮೀಪ. ಐದರ ಎಳವೆಯಲ್ಲೇ ತಂದೆ ತೀರಿಕೊಂಡರು. ತಾಯಿ ಅಂಗಡಿ ನಡೆಸಿ ಮಕ್ಕಳನ್ನು ಸಾಕಿದರು. ಎಡಿನ್‌ಬರೋದಲ್ಲಿ 1768ರಲ್ಲಿ ವೈದ್ಯ ಪದವಿ ಪಡೆದು ಮರಳಿದ ರಶ್ ಮರುವರ್ಷವೇ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು.

ಭಟ್ಟಿ ಇಳಿಸಿದ ಮದ್ಯದ ಕೆಡುಕುಗಳ ಕುರಿತು 1784ರಲ್ಲಿ ಅವರು ಹೊರತಂದ ಪುಸ್ತಿಕೆ ಮನೆಮಾತಾಯಿತು. ಚಟ ಬಿಡಿಸಲು ಅವರು ಮಾಡಿದ ಒಂದು ಪ್ರಯೋಗವನ್ನು ಅವರೇ ಬರೆದಿಟ್ಟಿದ್ದಾರೆ. ಕುಡಿತಕ್ಕೆ ದಾಸನಾಗಿದ್ದ ಒಬ್ಬ ಕರಿಯ ಮನುಷ್ಯನ ಕೈಗೆ ಸಿಗುವಂತೆ ಅವರು ರಮ್ ಇಟ್ಟರು. ಅದರಲ್ಲಿ ವಾಂತಿ ಬರಿಸುವ ಆಂಟಿಮನಿ ಲವಣವನ್ನು ಸ್ವಲ್ಪ ಬೆರೆಸಿದ್ದರು. ಕುಡಿದವನು ತನಗೆ ಯಾರೋ ವಿಷವಿಕ್ಕಿದರೆಂದೇ ಹೆದರುವಷ್ಟು ಕಾರಿಕೊಂಡ. ಅನಂತರ ಎರಡು ವರ್ಷ ಮದ್ಯದ ವಾಸನೆಯನ್ನೂ ಅವನು ಸಹಿಸಲಿಲ್ಲ. ಹೇಸಿಗೆ ಹುಟ್ಟಿಸಿ ಚಟ ಬಿಡಿಸುವ ಈ ಕ್ರಮವನ್ನೇ 1930ರ ದಶಕದಲ್ಲಿ ಅಮೇರಿಕದ ಸಿಯಾಟಲ್ ನಗರದ ಚಿಕಿತ್ಸಾಲಯವೊಂದು ವ್ಯವಸ್ಥಿತವಾಗಿ ಕೈಗೊಂಡಿತು.

ರಶ್ ಈ ಫಲ ಕಂಡು ಸಂತೋಷಪಟ್ಟರು. ಆದರೆ ಆ ಮನುಷ್ಯನ ಒಪ್ಪಿಗೆಯನ್ನು ಅವರು ಕೇಳಿರಲಿಲ್ಲ. ಗುಲಾಮಗಿರಿಯ ವಿರುದ್ಧ 1773ರಲ್ಲಿ ಬರೆದ ಅವರೇ ಮುಂದೆ ಒಬ್ಬ ಗುಲಾಮನನ್ನು ಇಟ್ಟುಕೊಂಡಿದ್ದರು. 1793ರಲ್ಲಿ ಫಿಲಡೆಲ್ಫಿಯಕ್ಕೆ ಹಳದಿ ಜ್ವರ ಬಡಿದಾಗ, ಅನೇಕರು ಊರು ಬಿಟ್ಟರೂ ಅವರು ರೋಗಿಗಳ ಬಳಿಯೇ ನಿಂತರು. ಆದರೆ ವಿಪರೀತ ರಕ್ತ ತೆಗೆಸುವ ತಮ್ಮ ವಿಧಾನವನ್ನು ಇತರ ವೈದ್ಯರು ಖಂಡಿಸಿದರೂ ಬಿಡಲಿಲ್ಲ. ಕರುಣೆ ದೊಡ್ಡದು, ತಾನೇ ಸರಿಯೆಂಬ ಹಟವೂ ಅಷ್ಟೇ ದೊಡ್ಡದು. ಮನೋರೋಗಗಳ ಕುರಿತ ಗ್ರಂಥವನ್ನು 1812ರಲ್ಲಿ ಪ್ರಕಟಿಸಿ, ಮರುವರ್ಷ ಅವರು ಕಾಲವಾದರು.

ಇಂದಿಗೂ ಕುಡುಕನ ಕಾಟಕ್ಕೆ ಬೇಸತ್ತ ಮನೆಯವರು ಚಟ ಬಿಡಿಸುವ ಮಾತ್ರೆಯನ್ನು ಗುಟ್ಟಾಗಿ ಚಾದಲ್ಲಿ ಬೆರೆಸುವುದುಂಟು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಡೈಸಲ್ಫಿರಾಮ್ ಒಳಗಿರುವಾಗ ಮದ್ಯ ಸೇವಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಆದುದರಿಂದ ರೋಗಿಗೆ ತಿಳಿಸದೆ ಅದನ್ನು ಕೊಡಲೇಬಾರದು. ಕುಡಿತ ರೋಗವೆಂಬ ಪಾಠವನ್ನು ರಶ್‌ರಿಂದ ಕಲಿಯೋಣ. ಮರೆಮಾಚಿ ಮದ್ದು ಹಾಕುವುದನ್ನು ಮಾತ್ರ ಕಲಿಯದಿರೋಣ.