ಕಣ್ಣಿಗೆ ಬೆಲೆ ಕಟ್ಟದ ವೈದ್ಯ

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ತೂಗುವಾಗ ನೀವು ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ ರೋಗಿಗೆ ಆ ಅವಕಾಶವಿಲ್ಲ. ಕೊಯ್ಯಬೇಕೆಂದು ಹೇಳುವವನೂ ವೈದ್ಯನೇ, ಕೊಯ್ದು ಹಣ ಪಡೆಯುವವನೂ ವೈದ್ಯನೇ. ಅಲ್ಲಿ ತಕ್ಕಡಿ ಇರುವುದು ಅವನ ಎದೆಯೊಳಗೆ.

ಆ ತಕ್ಕಡಿಯನ್ನು ವಾಲಗೊಡದೆ ಬಾಳಿದವರು ಡಾ. ಎಂ.ಸಿ. ಮೋದಿ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ನೇತ್ರತಜ್ಞರಾದ ಅವರು ಪಟ್ಟಣದಲ್ಲಿ ಕುಳಿತು ಹಣವಂತರಿಗಾಗಿ ಕಾಯಲಿಲ್ಲ. ಹಳ್ಳಿಹಳ್ಳಿಗೂ ಹೋಗಿ ಉಚಿತ ಶಿಬಿರ ನಡೆಸಿದರು. ಪೊರೆ ಬಂದು ಮೂಲೆ ಸೇರಿದ್ದ ಬಡ ಮುದುಕ ಮುದುಕಿಯರು ಮತ್ತೆ ಮೊಮ್ಮಕ್ಕಳ ಮುಖ ನೋಡಿದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 1993ರ ಹೊತ್ತಿಗೆ ಒಟ್ಟು ಸಂಖ್ಯೆ ಆರು ಲಕ್ಷ ದಾಟಿತ್ತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. 2005ರಲ್ಲಿ ತೀರಿಕೊಂಡರು.

ರೋಗಿಯಿಂದ ಏನನ್ನೂ ಪಡೆಯದ ವೈದ್ಯನಿಗೆ ಬೇಡದ ಕಡೆ ಕತ್ತಿ ಇಡುವ ಆಸೆ ಹುಟ್ಟುವುದಾದರೂ ಹೇಗೆ? ಎಲ್ಲರೂ ಪುಕ್ಕಟೆ ದುಡಿಯಬೇಕೆಂದಲ್ಲ. ದುಡಿಮೆಯ ಸಂಭಾವನೆ ಹಲಾಲ್. ಆದರೆ ಕೊಯ್ಯಬೇಕೋ ಬೇಡವೋ ಎಂಬುದನ್ನು ರೋಗ ತೀರ್ಮಾನಿಸಬೇಕು, ಸಂಭಾವನೆಯಲ್ಲ. ರೋಗಿಯ ದೇಹ ವೈದ್ಯನ ಕೈಗೆ ಬಂದ ಅಮಾನತ್. ವೈದ್ಯಕೀಯ ಓದುತ್ತಿರುವ ನಿಮ್ಮ ಮಕ್ಕಳಿಗೆ ಈ ಮಾತನ್ನು ಇಂದೇ ತಿಳಿಸಿರಿ.