ಟ್ರಿಯೆಸ್ಟಿನಲ್ಲಿ ಜೇಮ್ಸ್ ಜಾಯ್ಸ್

1904ರ ಅಕ್ಟೋಬರ್ ತಿಂಗಳಿನಲ್ಲಿ ಇಪ್ಪತ್ತೆರಡು ವರ್ಷದ ಐರಿಷ್ ತರುಣನೊಬ್ಬನು ನೋರಾ ಬಾರ್ನಕಲ್ ಎಂಬ ಯುವತಿಯೊಡನೆ ತನ್ನ ಹುಟ್ಟೂರಾದ ಡಬ್ಲಿನ್ ನಗರವನ್ನು ಬಿಟ್ಟು ಹೊರಟನು. ಮುಂದೆ ಇಪ್ಪತ್ತನೆಯ ಶತಮಾನದ ಶ್ರೇಷ್ಠ ಕಾದಂಬರಿಕಾರರಲ್ಲಿ ಒಬ್ಬನೆನಿಸಿದ ಜೇಮ್ಸ್ ಜಾಯ್ಸನೇ ಆತ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಭಾಷಾಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ತನಗಾಗಿ ಕಾದಿದೆಯೆಂದು ಅವನು ನಂಬಿದ್ದನು. ಹೋಗಿ ನೋಡಿದರೆ ಕೆಲಸವೇ ಇರಲಿಲ್ಲ. ಅಲ್ಲಿಯವರು ಟ್ರಿಯೆಸ್ಟಿಗೆ ಹೋಗುವಂತೆ ಸೂಚಿಸಿದರು.

ಇಂದು ಇಟಲಿಗೆ ಸೇರಿರುವ ಟ್ರಿಯೆಸ್ಟ್ ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಮುಖ್ಯ ಬಂದರಾಗಿತ್ತು. ಆಳುವವರ ಭಾಷೆ ಜರ್ಮನ್. ಬೀದಿಯ ಭಾಷೆ ಇಟಾಲಿಯನ್. ಬಂದಿಳಿದ ದಿನವೇ ಜಾಯ್ಸನು ನೋರಾಳನ್ನು ನಿಲ್ದಾಣದ ಬಳಿಯ ಉದ್ಯಾನದಲ್ಲಿ ಕುಳ್ಳಿರಿಸಿ ಬಾಡಿಗೆಯ ಕೋಣೆ ಹುಡುಕಲು ಹೋದನು. ದಾರಿಯಲ್ಲಿ ಕುಡಿದ ಆಂಗ್ಲ ನಾವಿಕರ ಜಗಳದಲ್ಲಿ ಸಿಕ್ಕಿಕೊಂಡು ಪೊಲೀಸರ ವಶವಾದನು. ಬ್ರಿಟಿಷ್ ಕಾನ್ಸಲ್ ಕಚೇರಿಯ ನೆರವಿನಿಂದ ಬಿಡುಗಡೆಯಾಗುವವರೆಗೆ ಆ ಯುವತಿ ಭಾಷೆಯರಿಯದ ಊರಿನಲ್ಲಿ ಒಂಟಿಯಾಗಿ ಕಾಯಬೇಕಾಯಿತು.

ಟ್ರಿಯೆಸ್ಟಿನಲ್ಲಿಯೂ ಕೆಲಸ ಖಾಲಿ ಇರಲಿಲ್ಲ. ಕಡೆಗೆ ಸಮೀಪದ ಪೋಲಾ ಎಂಬ ನೌಕಾಪಟ್ಟಣದ ಬರ್ಲಿಟ್ಸ್ ಶಾಲೆಯಲ್ಲಿ ನೌಕಾಧಿಕಾರಿಗಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ದೊರೆಯಿತು. ಜಾಯ್ಸನು ಕಾಲೇಜಿನಲ್ಲಿ ಇಟಾಲಿಯನ್ ಓದಿದ್ದನು ನಿಜ. ಆದರೆ ಅದು ಮಹಾಕವಿ ದಾಂತೆಯ ಕಾಲದ ಗ್ರಂಥಭಾಷೆ. ಹಳಗನ್ನಡದಲ್ಲಿ ಸಂತೆ ಮಾಡಲು ಹೊರಟವನ ಪಾಡು ಅವನದಾಯಿತು. ಫ್ರಾಂಚಿನಿ ಬ್ರೂನಿ ಎಂಬ ಸಹೋದ್ಯೋಗಿ ಅವನಿಗೆ ಬಳಕೆಯ ಮಾತನ್ನು ಕಲಿಸಿ, ಪ್ರತಿಯಾಗಿ ಇಂಗ್ಲಿಷ್ ಕಲಿತನು.

1905ರ ಮಾರ್ಚಿಯಲ್ಲಿ ಜಾಯ್ಸನು ಟ್ರಿಯೆಸ್ಟಿಗೆ ಮರಳಿದನು. ಅದೇ ವರ್ಷ ಮಗ ಜಾರ್ಜಿಯೋ ಹುಟ್ಟಿದನು. ಸಂಬಳ ಸಾಲದು, ಸಾಲ ತೀರದು; ಕೈಯಲ್ಲಿ ಹಣವಿದ್ದರೆ ಹಿಡಿದು ಖರ್ಚುಮಾಡುವ ಸ್ವಭಾವವೂ ಅವನದಲ್ಲ. ಡಬ್ಲಿನ್ನಿನಿಂದ ಬಂದ ತಮ್ಮ ಸ್ಟ್ಯಾನಿಸ್ಲಾಸನು ಅದೇ ಶಾಲೆಯಲ್ಲಿ ದುಡಿದು ಅಣ್ಣನ ಸಂಸಾರದ ಭಾರಕ್ಕೂ ಹೆಗಲು ಕೊಟ್ಟನು. ಈ ತಮ್ಮನ ತ್ಯಾಗಕ್ಕೆ ಸಲ್ಲಬೇಕಾದ ಮನ್ನಣೆ ಬಹುಕಾಲ ಸಲ್ಲಲಿಲ್ಲ. ಹೆಚ್ಚಿನ ಗಳಿಕೆಯ ಆಸೆಯಿಂದ ಜಾಯ್ಸನು 1906ರಲ್ಲಿ ರೋಮಿಗೆ ಹೋಗಿ ಬ್ಯಾಂಕೊಂದರಲ್ಲಿ ಗುಮಾಸ್ತನಾದನು. ಷರಾಯಿಯ ತೇಪೆಗಳು ಕಾಣದಿರಲೆಂದು ಬೇಸಗೆಯಲ್ಲಿಯೂ ಉದ್ದನೆಯ ಕೋಟು ತೊಟ್ಟು, ದಿನವಿಡೀ ಕಾಗದಪತ್ರ ಬರೆಯುತ್ತ ಕುಳಿತನು. ಆ ಮಹಾನಗರ ಅವನಿಗೆ ಒಗ್ಗಲಿಲ್ಲ. 1907ರ ಮಾರ್ಚಿಯಲ್ಲಿ ಪುನಃ ಟ್ರಿಯೆಸ್ಟಿಗೆ ಬಂದನು.

ಈ ಸಲ ಊರು ಅವನನ್ನು ತನ್ನವನನ್ನಾಗಿ ಮಾಡಿಕೊಂಡಿತು. ಸ್ಥಳೀಯ ಪತ್ರಿಕೆಗೆ ಅವನು ಇಟಾಲಿಯನ್ನಿನಲ್ಲಿಯೇ ಐರ್ಲೆಂಡಿನ ವಿಚಾರವಾಗಿ ಲೇಖನಗಳನ್ನು ಬರೆದನು. ಮನೆಮನೆಗೆ ಹೋಗಿ ಪಾಠ ಹೇಳಿದನು. ಅವನ ಶಿಷ್ಯರಲ್ಲಿ ಹಡಗಿನ ಬಣ್ಣದ ವ್ಯಾಪಾರಿ ಎತ್ತೊರೆ ಷ್ಮಿಟ್ಸ್ ಒಬ್ಬನು. ವಯಸ್ಸಿನಲ್ಲಿ ಗುರುವಿಗಿಂತ ಇಪ್ಪತ್ತು ವರ್ಷ ದೊಡ್ಡವನು. ಇತಾಲೊ ಸ್ವೇವೊ ಎಂಬ ಹೆಸರಿನಲ್ಲಿ ತಾನು ಬರೆದಿದ್ದ ಎರಡು ಕಾದಂಬರಿಗಳನ್ನು ಯಾರೂ ಮೆಚ್ಚದಿದ್ದುದರಿಂದ ಅವನು ಬರವಣಿಗೆಯಲ್ಲಿ ಆಸೆ ತೊರೆದಿದ್ದನು. ಜಾಯ್ಸನು ಅವನ್ನು ಓದಿ ಮನಸಾರೆ ಹೊಗಳಿದನು. ಷ್ಮಿಟ್ಸನಿಗೆ ಹೋದ ಉಸಿರು ಬಂದಂತಾಯಿತು. 1923ರಲ್ಲಿ ಅವನ ಮೂರನೆಯ ಕಾದಂಬರಿ ಪ್ರಕಟವಾದಾಗ ಅದನ್ನು ಫ್ರೆಂಚ್ ವಿಮರ್ಶಕರ ಗಮನಕ್ಕೆ ತಂದವನೂ ಜಾಯ್ಸನೇ.

ಇಟಾಲಿಯನ್ನರ ನಡುವೆ ಬಾಳುತ್ತಿದ್ದ ಜಾಯ್ಸನು ತನ್ನ ಕಥೆಗಳಲ್ಲಿ ಬರೆದುದೆಲ್ಲ ಡಬ್ಲಿನ್ನನ್ನು ಕುರಿತು. ಹಗಲು ಪಾಠ, ರಾತ್ರಿ ಬರವಣಿಗೆ. ಅವನ ಮಹಾಕೃತಿ 'ಯೂಲಿಸಿಸ್' ಆರಂಭವಾದುದೂ ಟ್ರಿಯೆಸ್ಟಿನಲ್ಲಿಯೇ. ಮಹಾಯುದ್ಧದ ಕಾರಣ 1915ರಲ್ಲಿ ಆ ಊರನ್ನು ಬಿಡಬೇಕಾಯಿತು. ಬಳಿಕ ಜೂರಿಕ್‌ನಲ್ಲಿಯೂ ಪ್ಯಾರಿಸಿನಲ್ಲಿಯೂ ಆ ಮನೆಯ ಮಾತು ಟ್ರಿಯೆಸ್ಟಿನ ಇಟಾಲಿಯನ್ನೇ ಆಗಿ ಉಳಿಯಿತು. ಬೆಳೆದು ದೊಡ್ಡವರಾದ ಜಾರ್ಜಿಯೋ ಮತ್ತು ಮಗಳು ಲೂಚಿಯಾರಿಗೆ ತಂದೆ ಕಾಗದ ಬರೆಯುತ್ತಿದ್ದುದು ಆ ಭಾಷೆಯಲ್ಲಿಯೇ.