ಗೋಷಾ ಆಸ್ಪತ್ರೆಯ ಸೇಟ್ ಸಾಹೇಬರು

ಇಂದಿನ ಚಿಂತನೆ ನಮ್ಮ ದಂಡಿನ ಪ್ರದೇಶದ ಒಬ್ಬ ವರ್ತಕರ ಬಗ್ಗೆ.

ಶಿವಾಜಿನಗರದ ಗೋಷಾ ಆಸ್ಪತ್ರೆ ಗೊತ್ತಿಲ್ಲದವರು ನಮ್ಮಲ್ಲಿ ಕಡಿಮೆ. ಅದರ ಫಲಕದಲ್ಲಿರುವ ಹಾಜಿ ಸರ್ ಇಸ್ಮಾಯಿಲ್ ಸೇಟ್ ಯಾರೆಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. 1859ರಲ್ಲಿ ಹುಟ್ಟಿದ ಇವರು ಕಛ್ ಮೂಲದ ಮೇಮನ್ ವರ್ತಕ ಮನೆತನದವರು. ‘ಇಂಗ್ಲಿಷ್ ವೇರ್‌ಹೌಸ್’ ಇವರ ಅಂಗಡಿಯ ಹೆಸರು. ಗಿರಾಕಿಗಳು ಯಾರೆಂದು ಹೆಸರೇ ಹೇಳುತ್ತದೆ. ವ್ಯಾಪಾರ ಮದರಾಸಿನವರೆಗೂ ಬೆಳೆಯಿತು.

1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡು ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಒಂದೇ ಊರಿನಲ್ಲಿ ಎರಡು ಸರ್ಕಾರ. ಸೇಟರು ಎರಡೂ ಕಡೆಗೆ ಬೇಕಾದವರು. 1913ರಲ್ಲಿ ಶುರುವಾದ ಮೈಸೂರು ಬ್ಯಾಂಕಿನ ನಿರ್ದೇಶಕರಾದರು, ಮೈಸೂರಿನ ನ್ಯಾಯವಿಧಾಯಕ ಸಭೆಯಲ್ಲಿ ಕುಳಿತರು. ಮಹಾರಾಜರು ‘ಫಖ್ರುತ್ತುಜ್ಜಾರ್’, ಅಂದರೆ ವರ್ತಕರ ಹೆಮ್ಮೆ ಎಂಬ ಬಿರುದು ಕೊಟ್ಟರೆ ಬ್ರಿಟಿಷರು ‘ಸರ್’ ಪದವಿ ಕೊಟ್ಟರು. ಬಿರುದುಗಳ ಬಗ್ಗೆ ನನಗೇನೂ ಅಂಥ ಗೌರವವಿಲ್ಲ. ಆಳುವವರಿಗೆ ಹತ್ತಿರವಿದ್ದ ಹಣವಂತರಿಗೆ ಅವು ಸಿಗುತ್ತಲೇ ಇದ್ದವು. ಫ್ರೇಜರ್ ಟೌನಿನಲ್ಲಿ ಅವರು ಕಟ್ಟಿಸಿದ ಮಸೀದಿಯೂ ಇದೆ.

ನನ್ನ ಮನಸ್ಸು ನಿಲ್ಲುವುದು ಆಸ್ಪತ್ರೆಯ ಮುಂದೆ. ಗೋಷಾ ಎಂದರೆ ಪರದೆ. ಗಂಡಸು ಡಾಕ್ಟರು ಮುಟ್ಟಬಾರದೆಂದು ಹೆರಿಗೆ ನೋವಿನಲ್ಲೂ ಹೆಂಗಸರನ್ನು ಮನೆಯ ಒಳಗೇ ಇಟ್ಟುಕೊಳ್ಳುತ್ತಿದ್ದ ಕಾಲ. ಅವರಿಗೆಂದೇ ಸೇಟರು ಹಣ ಕೊಟ್ಟು ಆಸ್ಪತ್ರೆ ಕಟ್ಟಿಸಿದರು. ಪರದೆಯನ್ನೇ ಪ್ರಶ್ನಿಸಬೇಕಿತ್ತಲ್ಲವೇ ಎಂದು ಕೇಳಬಹುದು. ಕೇಳಬೇಕು ಕೂಡ. ಆದರೆ ಹೆರಿಗೆ ನೋವು ತಿನ್ನುತ್ತಿರುವವಳು ಸಮಾಜ ಬದಲಾಗುವವರೆಗೆ ಕಾಯಲಾರಳು. ಮೊದಲು ತಾಯಿ ಉಳಿಯಲಿ, ವಾದ ಆಮೇಲೆ ಎಂಬುದು ನನ್ನ ಪಕ್ಷ.

ಸೇಟರು ಬದುಕಿದ್ದಾಗಲೇ, 1928ರಲ್ಲಿ, ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಭತ್ಯೆಯ ಮಸೂದೆಯನ್ನು ಬೆಂಬಲಿಸಿ ಮಾತನಾಡಿದರು. ಅಲ್ಲಿ ಹೆರಿಗೆ ಹಕ್ಕಿನ ಮಾತಾಯಿತು. ಇಲ್ಲಿ ಅದು ಒಬ್ಬರ ದಾನವಾಗಿತ್ತು. ಈ ವ್ಯತ್ಯಾಸ ಸಣ್ಣದಲ್ಲ.

1934ರಲ್ಲಿ ಸೇಟರು ತೀರಿಕೊಂಡರು. ಆಸ್ಪತ್ರೆ ಈಗ ಸರ್ಕಾರದ್ದು, ಪರದೆಯವರಿಗಷ್ಟೇ ಅಲ್ಲ, ಎಲ್ಲರಿಗೂ. ಟ್ಯಾನರಿ ರೋಡ್, ಭಾರತಿನಗರ, ಹಲಸೂರು ಕಡೆಯವರು ಇಂದಿಗೂ ಬಸುರಿ ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ನಿಮ್ಮ ಮನೆಯಲ್ಲಿ ಅಲ್ಲಿ ಹುಟ್ಟಿದವರಿದ್ದರೆ ಗುಂಪಿನಲ್ಲಿ ಬರೆಯಿರಿ.